ಗಾಡಿ ಗ್ಲಾಸು ತಾನಾ ಒಡೀತ್ರಿ

ಗಾಡಿಗಳಿಗೆ ಗ್ಲಾಸು ಹಾಕುವುದು ನನ್ನ ಕೆಲಸ. ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ತಗಡಿನ ಅಂಗಡಿ. ಮಾಲು ಹೊರುವ ವ್ಯಾನು, ಟೆಂಪೊಗಳ ಬಾಗಿಲ ಗ್ಲಾಸೋ ಹಿಂದಿನ ಕಿಟಕಿಯ ಗ್ಲಾಸೋ ಒಡೆದರೆ ಇಂಡಿಯಿಂದ ಹಿಡಿದು ಮುದ್ದೇಬಿಹಾಳದ ತನಕ ನನಗೇ ಫೋನು. ಗ್ಲಾಸನ್ನು ಹಳೆಯ ಕೌದಿಯಲ್ಲಿ ಸುತ್ತಿ, ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಹೆಂಡತಿಯನ್ನು ಕೂರಿಸಿಕೊಂಡಾಗಲೂ ಅಷ್ಟು ಜೋಪಾನ ಮಾಡದವನು ಗುಂಡಿ ಗುಂಡಿ ತಪ್ಪಿಸುತ್ತ ಹೋಗುತ್ತೇನೆ. ಇಷ್ಟು ವರ್ಷಗಳಲ್ಲಿ "ಗ್ಲಾಸ್ ನಾ ಒಡದೇನಿ" ಎಂದು ಒಪ್ಪಿಕೊಂಡ ಒಬ್ಬ ಮನುಷ್ಯನನ್ನೂ ನಾನು ಕಂಡಿಲ್ಲ. ಯಾರನ್ನೇ ಕೇಳಿ, "ತಾನಾ ಒಡೀತ್ರಿ" ಅನ್ನುತ್ತಾರೆ. ಗ್ಲಾಸು ಹೀಗೆ ತಾನೇ ತಾನಾಗಿ ಒಡೆಯುತ್ತಿರುವ ತನಕ ನನ್ನ ಬಾಳಿನಲ್ಲಿ ನಗೆಗೆ ಕೊರತೆಯಿಲ್ಲ.

ಎದುರಾಳಿ ಓಡಿಹೋದ

ಹಲಸಂಗಿ ಹತ್ತಿರದ ಒಬ್ಬ ಕುರಿಗಾರ ಸಂತೆಗೆ ಕುರಿ ಒಯ್ಯಲು ವ್ಯಾನು ಇಟ್ಟುಕೊಂಡಿದ್ದ. ಅದರ ಪಕ್ಕದ ದೊಡ್ಡ ಕಿಟಕಿಯ ಗ್ಲಾಸು ಪುಡಿಯಾಗಿತ್ತು. "ಹೆಂಗ ಒಡೀತು?" ಅಂದೆ. "ತಾನಾ ಒಡೀತ್ರಿ" ಅಂದ.

ಹೊಸ ಗ್ಲಾಸು ಹಾಕಿ, ಸುತ್ತಲೂ ರಬ್ಬರು ಕೂಡಿಸಿ, ಅವನ ಆಸೆಯಂತೆ ಕಪ್ಪು ಫಿಲ್ಮ್ ಅಂಟಿಸಿ, ಒದ್ದೆ ಪೇಪರಿನಿಂದ ತಿಕ್ಕಿ ಫಳಫಳ ಮಾಡಿದೆ. ಮುಖ ನೋಡಿಕೊಂಡು ದಾಡಿ ಮಾಡಿಕೊಳ್ಳಬಹುದಿತ್ತು. ಇಬ್ಬರೂ ಬೇವಿನ ಗಿಡದ ಕೆಳಗೆ ಚಹಾಕ್ಕೆ ಕೂತೆವು.

ಅವನ ಮನೆಯಲ್ಲಿ ಕಾಳಗಕ್ಕೆಂದು ತತ್ತಿ, ಶೇಂಗಾ ತಿನ್ನಿಸಿ ಬೆಳೆಸಿದ ಒಂದು ಟಗರಿತ್ತು. ಅದು ಅಡ್ಡಾಡುತ್ತ ಬಂದು ಗಾಡಿಯ ಪಕ್ಕ ನಿಂತಿತು. ಗ್ಲಾಸಿನಲ್ಲಿ ನೋಡಿತು. ಅಲ್ಲೂ ಒಂದು ಟಗರು ಇದನ್ನೇ ನೋಡುತ್ತಿತ್ತು. ಇದು ಕಾಲು ಕೆರೆಯಿತು, ಅದೂ ಕೆರೆಯಿತು. ಇದಕ್ಕೆ ತಡೆಯಲಾಗಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ ಬಂದು ಕೊಟ್ಟಿತು ನೋಡಿ, ಢಣ್!

ಕುರಿಗಾರ ಚಹಾ ಚೆಲ್ಲಿ ಓಡಿದ. ಟಗರಿನ ಹಣೆ ಸವರಿ, ಕೊಂಬು ಮುಟ್ಟಿ ನೋಡಿ, "ಏನೂ ಆಗಿಲ್ಲ ಬಿಡ್ರಿ" ಅಂದ.

"ಗ್ಲಾಸಿಗೆ ಆಗೇತಲ್ಲೋ ಮಾರಾಯಾ!" ಅಂದೆ ನಾನು.

ಟಗರು ಮಾತ್ರ ಒಡೆದ ಕಿಟಕಿಯೊಳಗೆ ಕತ್ತು ಹಾಕಿ ಆ ಕಡೆ ಈ ಕಡೆ ನೋಡಿತು. ಎದುರಾಳಿ ಎಲ್ಲೂ ಇಲ್ಲ. ಕತ್ತೆತ್ತಿ, ಊರಿಗೇ ತಾನು ಗೌಡನೆಂಬಂತೆ ನಡೆದು ಹೋಯಿತು.

ಮೂರು ದಿನ ಬಿಟ್ಟು ಮತ್ತೊಂದು ಗ್ಲಾಸು ಒಯ್ದೆ. "ಈ ಸರ್ತಿ ಕರೀ ಫಿಲ್ಮ್ ಬ್ಯಾಡ. ಅದಿಲ್ಲಂದ್ರ ಟಗರಿಗೆ ತನ್ನ ಮಾರಿ ಇಷ್ಟ ಸ್ಪಷ್ಟ ಕಾಣಂಗಿಲ್ಲ" ಎಂದು ಬುದ್ಧಿ ಹೇಳಿದೆ.

ಕುರಿಗಾರ ಬೇಡವೆಂದು ತಲೆಯಾಡಿಸಿದ. "ಫಿಲ್ಮ್ ಇರಲಿ ಹಾಕ್ರಿ. ಬರೂ ತಿಂಗಳ ಕಾಳಗ ಐತಿ. ಈಗ ಎರಡ ಆಟ ಗೆದ್ದು ಅದಕ್ಕ ಧೈರ್ಯಾ ಬಂದೈತಿ!"

ಉಣ್ಣೂ ಕೈ

ಮುದ್ದೇಬಿಹಾಳದಲ್ಲಿ ಒಬ್ಬ ಬೇಕರಿ ಮಾಲಕರು. ಊರೂರಿಗೆ ಬ್ರೆಡ್ಡು, ಖಾರಿ ಒಯ್ಯುವ ವ್ಯಾನು ಅವರದು. ಬಾಗಿಲ ಗ್ಲಾಸು ಒಡೆದಿದೆ ಎಂದು ಫೋನ್ ಮಾಡಿದರು. ಸಿಂದಗಿಯಿಂದ ಮುದ್ದೇಬಿಹಾಳ ಹತ್ತಿರವೇನಲ್ಲ, ಎರಡು ಬದಿಯ ಗ್ಲಾಸೂ ಬೇರೆ ಬೇರೆ. ಹೀಗಾಗಿ ಕೇಳಿದೆ, "ಮಾಲಕರ, ಡ್ರೈವರ್ ಕಡೀದೋ, ಕ್ಲೀನರ್ ಕಡೀದೋ?"

"ಅವ್ರಿಬ್ರೂ ಇವತ್ತ ರಜಾ ಅದಾರ್ರಿ" ಅಂದರು.

"ಹಂಗಲ್ರಿ, ಎಡಕ್ಕೋ ಬಲಕ್ಕೋ?"

"ಎಡಕ್ಕ, ಎಡಕ್ಕ."

ಎಡಗಡೆಯ ಗ್ಲಾಸು ಹೊತ್ತುಕೊಂಡು ಹೋದೆ. ಎಡಗಡೆಯದು ಗಟ್ಟಿಮುಟ್ಟಾಗಿ ಕೂತು ನನ್ನನ್ನೇ ನೋಡುತ್ತಿತ್ತು. ಒಡೆದದ್ದು ಬಲಗಡೆಯದು. ಮಾಲಕರು ಗಾಡಿಯ ಮುಂದೆ, ಗಾಡಿಗೆ ಮುಖ ಮಾಡಿ ನಿಂತು ಫೋನ್ ಮಾಡಿದ್ದರಂತೆ. "ನನಗ ಅದು ಎಡಕ್ಕಽ ಆತಲ್ರಿ" ಅಂದರು. ತಕರಾರು ಮಾಡುವ ಹಾಗೇ ಇರಲಿಲ್ಲ.

ಒಂದು ವರ್ಷವಾದ ಮೇಲೆ ಮತ್ತೆ ಅವರದೇ ಫೋನು. ಈ ಸಲ ನಾನು ಹುಷಾರಾಗಿದ್ದೆ. "ಮಾಲಕರ, ಎಡಾ ಬಲಾ ಏನೂ ಹೇಳಬ್ಯಾಡ್ರಿ. ಗಾಡಿ ಒಳಗ ಕುಂದರ್ರಿ, ಮುಂದ ನೋಡ್ರಿ. ಕುಂತ್ರ್ಯಾ? ಈಗ ಹೇಳ್ರಿ, ಒಡದಿದ್ದು ನೀವು ಉಣ್ಣೂ ಕೈ ಕಡೆ ಐತೋ, ಇನ್ನೊಂದು ಕೈ ಕಡೆ ಐತೋ?"

"ಉಣ್ಣೂ ಕೈ ಕಡೆ" ಅಂದರು, ಖಚಿತವಾಗಿ.

ಬಲಗಡೆಯ ಗ್ಲಾಸು ಕಟ್ಟಿಕೊಂಡು ಹೋದೆ. ಬಲಗಡೆಯದು ನಾನೇ ಹಾಕಿದ ಗ್ಲಾಸು, ಹಾಗೇ ಹೊಳೆಯುತ್ತಿತ್ತು. ತಲೆ ಕೆಟ್ಟು ಬೇಕರಿ ಒಳಗೆ ಹೋದೆ. ಮಾಲಕರು ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರು. "ಬರ್ರಿ ಬರ್ರಿ, ಊಟಾ ಮಾಡ್ರಿ" ಎಂದು ಎಡಗೈಯಿಂದ ರೊಟ್ಟಿ ಮುರಿದರು.

ಟಫನ್ ಮಾಲು

ಇದು ನನ್ನದೇ ಬಾಯಿಬಡುಕತನದ ಕಥೆ. ಸಿಂದಗಿಯ ಅಂಗಡಿಗೇ ಒಬ್ಬ ಅಕ್ಕ ವ್ಯಾನು ತಂದಿದ್ದರು. ಮುಟ್ಟಿದರೆ ಮುರಿಯುವಂಥ ಒಣ ಕಟಕ ರೊಟ್ಟಿ ಮಾಡಿ ಹೊರಗಿನ ಊರುಗಳಿಗೆ ಕಳಿಸುವವರು. ಹಿಂದಿನ ಬಾಗಿಲ ಗ್ಲಾಸು ಹೋಗಿತ್ತು. ಹೊಸದನ್ನು ತೋರಿಸಿದರೆ ಅವರಿಗೆ ನಂಬಿಕೆಯೇ ಇಲ್ಲ.

"ತಮ್ಮಾ, ಇದು ಗಟ್ಟಿ ಐತೇನು?"

"ಅಕ್ಕಾರ, ಇದು ಟಫನ್ ಗ್ಲಾಸ್ ಐತ್ರಿ. ಕಲ್ಲ ಇದ್ದಂಗ!" ಎಂದು ಗ್ಲಾಸಿನ ನಡುವೆ ಮುಷ್ಟಿಯಿಂದ ಗುದ್ದಿದೆ. ಏನೂ ಆಗಲಿಲ್ಲ. ಸುತ್ತ ನಾಲ್ಕು ಜನ ಸೇರಿದರು. ಜನ ಸೇರಿದರೆ ನನಗೆ ಹುರುಪು. ಮೊಣಕೈಯಿಂದ ಗುದ್ದಿದೆ. ಸುತ್ತಿಗೆಯ ಹಿಡಿಯಿಂದ ಬಡಿದೆ. ಗ್ಲಾಸು ಜಪ್ಪಯ್ಯ ಎನ್ನಲಿಲ್ಲ. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಆಗ ಗುಂಪಿನಿಂದ ನಿವೃತ್ತ ಮಾಸ್ತರರೊಬ್ಬರು ಮುಂದೆ ಬಂದರು. ತೆಳ್ಳನೆಯ ಮನುಷ್ಯ, ಕೈಯಲ್ಲಿ ಕಬ್ಬಿಣದ ತುದಿಯ ಬೆತ್ತ. "ಹೌದಾ?" ಎಂದು, ಹೊತ್ತಿಗೆಯ ಅಕ್ಷರ ತೋರಿಸುವಷ್ಟು ಮೆಲ್ಲಗೆ, ಗ್ಲಾಸಿನ ಮೂಲೆಯ ಅಂಚಿಗೆ ಬೆತ್ತದ ತುದಿ ತಾಗಿಸಿದರು.

ಈ ಗ್ಲಾಸಿನ ಗುಣವೇ ಹಾಗೆ. ನಡುವೆ ಆನೆಯಷ್ಟು ಬಲ, ಅಂಚಿನಲ್ಲಿ ಜೀವ. ಸರ್ರನೆ ಪೂರ್ತಿ ಗ್ಲಾಸು ಸಕ್ಕರೆ ಸುರಿದ ಹಾಗೆ ನನ್ನ ಚಪ್ಪಲಿಯ ಮೇಲೆ ಬಿತ್ತು. ಕೈಯಲ್ಲಿ ಉಳಿದದ್ದು ಗಾಳಿ ಮಾತ್ರ.

ಮಾಸ್ತರರು ಸಂಕೋಚದಿಂದ ಬೆತ್ತ ಹಿಂದೆ ತೆಗೆದುಕೊಂಡು ನನಗೆ ಸಮಾಧಾನ ಹೇಳಿದರು, "ನನ್ನ ಹೆಚ್ಚುಗಾರಿಕಿ ಏನೂ ಇಲ್ಲಪಾ. ನೀ ಗುದ್ದಿ ಗುದ್ದಿ ಮೊದಲಽ ಮೆತ್ತಗ ಮಾಡಿದ್ದಿ."

ಅಕ್ಕ ಮಾತ್ರ ಚಪ್ಪಲಿಯ ಮೇಲಿನ ಪುಡಿಯನ್ನು ನೋಡಿ ನಿಟ್ಟುಸಿರು ಬಿಟ್ಟರು. "ನಮ್ಮ ರೊಟ್ಟಿ ಸೊಲ್ಲಾಪುರ ಮಟಾ ಹೋಗ್ತಾವ ತಮ್ಮಾ, ಒಂದೂ ಹಿಂಗ ಆಗಿಲ್ಲ."

ಬಾಗಿಲಲ್ಲಿ ಸಾಹೇಬರು

ಝಳಕಿಯ ಹೆದ್ದಾರಿ ಪಕ್ಕದಲ್ಲಿ ಒಬ್ಬ ಲಿಂಬೆಕಾಯಿ ವ್ಯಾಪಾರಿ. ಅವನ ವ್ಯಾನಿನ ಡ್ರೈವರ್ ಕಡೆಯ ಗ್ಲಾಸು ಒಡೆದು ಮೂರು ತಿಂಗಳಾಗಿತ್ತು. ಗ್ಲಾಸಿನ ಜಾಗದಲ್ಲಿ ಒಂದು ಫ್ಲೆಕ್ಸ್ ಕತ್ತರಿಸಿ ಅಂಟಿಸಿದ್ದ. ಅದು ಆ ಭಾಗದ ಒಬ್ಬ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸು. ಅಳತೆ ಎಷ್ಟು ಸರಿಯಾಗಿ ಬಂದಿತ್ತೆಂದರೆ, ದೂರದಿಂದ ನೋಡಿದರೆ ಆ ಸಾಹೇಬರೇ ಕೈ ಮುಗಿದು, ಹಲ್ಲು ಬಿಟ್ಟು, ಸ್ಟೇರಿಂಗ್ ಬಿಟ್ಟು ಗಾಡಿ ಹೊಡೆಯುತ್ತಿದ್ದಂತೆ ಕಾಣುತ್ತಿತ್ತು. ಪಕ್ಕದ ಕನ್ನಡಿ ನೋಡಲು ಅವರ ಎಡಗಿವಿಯ ಹತ್ತಿರ ಒಂದು ತೂತು.

"ಇಷ್ಟ ದಿವಸ ನಡಸೀರಿ, ಈಗ್ಯಾಕ ಗ್ಲಾಸು?" ಅಂದೆ.

"ಮಳಿ ಹತ್ತೇತ್ರಿ. ಸಾಹೇಬ್ರ ಕಿವಿಯಾಗಿಂದ ನೀರ ಸೋರಾಕತ್ತಾವು" ಅಂದ.

ಸಾಹೇಬರನ್ನು ಮೆಲ್ಲಗೆ ಬಿಚ್ಚಿ, ಮಡಚಿ ಅವನ ಕೈಗೆ ಕೊಟ್ಟು, ಗ್ಲಾಸು ಹಾಕಿ ಬಂದೆ.

ಕೆಲವು ದಿನಕ್ಕೆ ಅವನೇ ಸಿಂದಗಿಗೆ ಬಂದ, ಬಗಲಲ್ಲಿ ಒಂದು ಫ್ಲೆಕ್ಸಿನ ಸುರುಳಿ. "ಮಿಸ್ತ್ರೇರ, ಗ್ಲಾಸ್ ಚಲೋ ಐತಿ, ತಪ್ಪ ತಿಳೀಬ್ಯಾಡ್ರಿ. ಅದನ್ನ ತಗದ ಇದನ್ನ ಹಾಕ್ರಿ."

"ಯಾಕೋ?"

"ಮೊದಲ ದಾರಿಯಾಗ ಪೊಲೀಸ್ರು ಯಾರೂ ನಿಲ್ಲಸ್ತಿದ್ದಿಲ್ರಿ. ನಮಸ್ಕಾರಾ ಮಾಡಿ ಬಿಡ್ತಿದ್ರು. ಈಗ ಗ್ಲಾಸಿನಾಗ ನನ್ನ ಮಾರಿ ಕಾಣತೈತಿ. ಕಂಡ ಕೂಡ್ಲೇ ಬೆಲ್ಟ ಎಲ್ಲಿ, ಕಾಗದಾ ಎಲ್ಲಿ ಅಂತಾರ."

ಸುರುಳಿ ಬಿಚ್ಚಿದೆ. ಕೈ ಮುಗಿದವರು ಇದ್ದರು, ಹಲ್ಲೂ ಇದ್ದವು, ಆದರೆ ಮುಖ ಬೇರೆ.

"ಇವರ್ಯಾರು? ನಿನ್ನ ಸಾಹೇಬ್ರು ಎಲ್ಲಿ?"

"ಎಲೆಕ್ಷನ್ ಆತಲ್ರಿ" ಅಂದ ಅವನು. "ಹಳೇ ಸಾಹೇಬ್ರನ್ನ ಲಿಂಬಿಕಾಯಿ ಮ್ಯಾಲ ಹೊಚ್ಚೇನಿ."

ಹಿಂದಿನಿಂದ ಬಡಿದದ್ದು

ಬಸವನ ಬಾಗೇವಾಡಿಯಲ್ಲಿ ಹೆಣ ಒಯ್ಯುವ ಒಂದು ವ್ಯಾನು ಇತ್ತು. ಗಿಡದ ಟೊಂಗೆ ಬಿದ್ದು ಅದರ ಪಕ್ಕದ ಗ್ಲಾಸೂ ಹಿಂದಿನ ಬಾಗಿಲ ಗ್ಲಾಸೂ ಹೋಗಿದ್ದವು. ಬೆಳಿಗ್ಗೆಯೇ ಹೋಗಿ ಕೆಲಸ ಹಿಡಿದೆ. ಡ್ರೈವರ್ ಅರವತ್ತರ ಆಸುಪಾಸಿನ ದೈವಭಕ್ತ, ಹಣೆ ತುಂಬ ವಿಭೂತಿ. "ಒಂದ ವರ್ಷದ ಗ್ಯಾರಂಟಿ ಕೊಡ್ತೇನ್ರಿ" ಎಂದು ಅವರಿಗೆ ಮಾತು ಕೊಟ್ಟೆ. ಅವರು ಊಟಕ್ಕೆ ಹೋದರು.

ಪಕ್ಕದ್ದು ಮುಗಿಯಿತು. ಹಿಂದಿನ ಬಾಗಿಲಿನದು ಸ್ವಲ್ಪ ತ್ರಾಸು. ಗ್ಲಾಸಿನ ರಬ್ಬರಿನೊಳಗೆ ದಾರ ಇಟ್ಟು, ಗಾಡಿಯೊಳಗೆ ಕೂತು ಆ ದಾರ ಎಳೆಯುತ್ತ ಬಂದರೆ ರಬ್ಬರು ತಗಡಿನ ಅಂಚಿಗೆ ಕೂಡುತ್ತದೆ. ಸೆಕೆ ಎಂದು ಅಂಗಿ ಬಿಚ್ಚಿ, ಮೊಬೈಲನ್ನು ಅದರ ಕಿಸೆಯಲ್ಲೇ ಬಿಟ್ಟು, ಹೊರಗೆ ಮೋಟಾರ್ ಸೈಕಲ್ಲಿನ ಮೇಲೆ ಹಾಕಿದೆ. ಒಳಗಿನ ಹ್ಯಾಂಡಲ್ಲು ಅಡ್ಡ ಬರುತ್ತದೆಂದು ಅದನ್ನೂ ಬಿಚ್ಚಿ ಹೊರಗಿಟ್ಟೆ. ಬಿಳಿ ಬನಿಯನ್ನು, ತಲೆಗೆ ಬಿಳಿ ಟವೆಲ್ಲು ಸುತ್ತಿ, ಒಳಗೆ ಹತ್ತಿ ಬಾಗಿಲು ಎಳೆದುಕೊಂಡೆ. ದಾರ ಎಳೆದೆ. ಗ್ಲಾಸು ಚಂದಾಗಿ ಕೂತಿತು. ಇಳಿಯಲು ಹೋದರೆ ಬಾಗಿಲು ಲಾಕ್ ಆಗಿದೆ. ಹ್ಯಾಂಡಲ್ಲು ಹೊರಗೆ, ನಾನು ಒಳಗೆ.

ಡ್ರೈವರ್ ಬರಲಿ ಎಂದು ಒರಗಿದೆ. ಬೆಳಗಿನಿಂದ ದುಡಿದ ಮೈ, ಜೋಂಪು ಹತ್ತಿತು. ಎಚ್ಚರವಾದಾಗ ಗಾಡಿ ಓಡುತ್ತಿತ್ತು.

ಆಮೇಲೆ ತಿಳಿದದ್ದು ಇಷ್ಟು. ಮಸೂತಿ ಎಂಬ ಊರಿನಲ್ಲಿ ತೊಂಬತ್ತು ದಾಟಿದ ಅಜ್ಜನೊಬ್ಬ ತೀರಿಕೊಂಡಿದ್ದ, ಲಗೂ ಬರ್ರಿ ಎಂದು ಡ್ರೈವರಿಗೆ ಫೋನ್ ಬಂದಿತ್ತು. ಬಂದು ನೋಡಿದರೆ ಎರಡೂ ಗ್ಲಾಸು ಕೂತಿವೆ, ನಾನಿಲ್ಲ. ಚಹಾಕ್ಕೆ ಹೋಗಿರಬೇಕೆಂದು ಗಾಡಿ ಚಾಲೂ ಮಾಡಿ, ಭಜನೆಯ ಕ್ಯಾಸೆಟ್ಟು ಹಚ್ಚಿ ಹೊರಟುಬಿಟ್ಟಿದ್ದರು.

ನಾನು ಎದ್ದು ಅವರ ಸೀಟಿನ ಹಿಂದಿನ ತಗಡಿನ ಗೋಡೆಯನ್ನು ಧಡಧಡ ಬಡಿದೆ. ಭಜನೆ ನಿಂತಿತು. ಅಬ್ಬಾ, ಕೇಳಿಸಿತು ಅಂದುಕೊಂಡು ಮತ್ತೊಮ್ಮೆ ಬಡಿದು, "ಬಾಗಲಾ ತಗೀರಿ!" ಎಂದು ಚೀರಿದೆ.

ಗಾಡಿ ಹಾರಿತು. ಮೊದಲಿನ ಎರಡು ಪಟ್ಟು ಜೋರು. ನಾನು ಈ ಮೂಲೆಯಿಂದ ಆ ಮೂಲೆಗೆ ಉರುಳಿದೆ. ಬಡಿದಷ್ಟೂ ಗಾಡಿ ಜೋರಾಗುತ್ತಿತ್ತು. ಜೀವದ ಮೇಲಿನ ಆಸೆಯೇ ಹೋಯಿತು. ಈ ಗಾಡಿಯಲ್ಲಿ ಸತ್ತರೆ ಮನೆಯವರಿಗೆ ಒಂದು ಓಡಾಟ ಕಡಿಮೆ ಎಂಬ ವಿಚಾರವೂ ಬಂತು. ಕೈಯಲ್ಲಿ ಸುತ್ತಿಗೆ ಇತ್ತು, ಒಂದೇ ಏಟಿಗೆ ಗ್ಲಾಸು ಒಡೆದು ಕೂಗಬಹುದಿತ್ತು. ಎತ್ತಿದೆ ಕೂಡ. ಆದರೆ ವರ್ಷದ ಗ್ಯಾರಂಟಿ ಕೊಟ್ಟು ಇನ್ನೂ ಎರಡು ತಾಸು ಆಗಿರಲಿಲ್ಲ. ಸುತ್ತಿಗೆ ಇಳಿಸಿದೆ.

ಮಸೂತಿಯ ಆ ಮನೆಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ತುಂಬು ಬಾಳಿನ ಸಾವು, ಅಳುವಿಗಿಂತ ಭಜನೆಯೇ ಹೆಚ್ಚು. ಗಾಡಿ ಗಕ್ಕನೆ ನಿಂತಿತು. ಡ್ರೈವರ್ ಇಳಿದವರು ಹಿಂದೆ ತಿರುಗಿಯೂ ನೋಡದೆ ಓಡಿ ಜೋಳದ ಕಣಿಕೆಯ ಬಣವೆಯ ಮರೆಗೆ ಹೋದರು. ಅಜ್ಜನನ್ನು ಎತ್ತಲು ಸಿದ್ಧರಾಗಿದ್ದ ನಾಲ್ವರು ಬಂದು ಹಿಂದಿನ ಬಾಗಿಲು ತೆರೆದರು.

ನಾನು ಇಳಿದೆ. ಬಿಳಿ ಬನಿಯನ್ನು, ತಲೆಗೆ ಬಿಳಿ ವಸ್ತ್ರ, ಬೆವರಿನಿಂದ ಬಿಳಿಚಿದ ಮುಖ. "ಒಂದ ಚರಗಿ ನೀರ ಕೊಡ್ರಿ" ಅಂದೆ.

ನಾಲ್ವರಲ್ಲಿ ಮೂವರು ಕಾಣೆಯಾದರು, ನಾಲ್ಕನೆಯವನು ತೆರೆದ ಬಾಗಿಲ ಮರೆಗೆ ಸರಿದ. ಭಜನೆಯವರ ತಾಳ ಕೈಯಲ್ಲೇ ನಿಂತವು. ಬಣವೆಯ ಹಿಂದಿನಿಂದ ಡ್ರೈವರಿನ ಹಣೆ ಅಷ್ಟೇ ಕಂಡಿತು.

"ಮಿಸ್ತ್ರೀ, ನೀ ಏನೋ?" ಅಂದರು ಅವರು. "ಇಷ್ಟ ವರ್ಷ ಈ ಗಾಡಿ ಹೊಡದೇನಿ, ಹಿಂದಿಂದ ಯಾರೂ ಬಡದಿದ್ದಿಲ್ಲೋ!"

ಅಷ್ಟರಲ್ಲಿ, ತೀರಿಕೊಂಡ ಅಜ್ಜನ ತಂಗಿ, ಕಟ್ಟೆಯ ಮೇಲೆ ಕೂತಿದ್ದ ಹಣ್ಣು ಹಣ್ಣು ಮುದುಕಿ, ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಆಮೇಲೆ ಬಣವೆಯ ಕಡೆ ತಿರುಗಿ, ಡ್ರೈವರಿಗೆ ಊರೆಲ್ಲ ಕೇಳುವಂತೆ ಜಬರಿಸಿದಳು:

"ಒಂದು ಒಯ್ಯಾಕ ಬಾ ಅಂದ್ರ, ಇನ್ನೊಂದು ತಂದು ಇಳಿಸೀಯಲ್ಲೋ ಭಾಡ್ಯಾ!"