ರೊಟ್ಟಿಯ ತೂತು ಮತ್ತು 'ನಖರಾ' ಎಂಬ ಶಬ್ದದ ಮೇಲೆ ನನ್ನ ತಕರಾರು

ಮಾನ್ಯ ನಖರಾ ಅವರೇ,

ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದಿನ ಕಟ್ಟಡದ ಎರಡನೇ ಮಹಡಿಯಲ್ಲಿರುವ, ಊರ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿ ಐದನೆಯದರ ಬಾಗಿಲನ್ನು ಮಾತ್ರ ನೋಡಿಬಂದ ಭೀಮವ್ವ ತಲೆಯ ಮೇಲೆ ಸೆರಗು ಹೊದ್ದು ತಮಗೆ ನಮಸ್ಕರಿಸುತ್ತಾಳೆ. ಒಂದು ಶಬ್ದಕ್ಕೆ ಪತ್ರ ಬರೆಯುವ ಹುಚ್ಚಿ ನಾನೊಬ್ಬಳೇ ಇರಬಹುದು. ಆದರೆ ಮನೆಯಲ್ಲಿ ನನ್ನ ತಕರಾರು ಕೇಳುವವರು ಯಾರೂ ಉಳಿದಿಲ್ಲವಾದ್ದರಿಂದ ತಮಗೇ ತೊಂದರೆ ಕೊಡುತ್ತಿದ್ದೇನೆ.

ಆರು ದಿನಗಳ ಹಿಂದೆ, ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುತ್ತಿದ್ದ ಸಾಬವ್ವ ಅರ್ಧ ಹಿಟ್ಟನ್ನು ಹಾಗೇ ಬಿಟ್ಟು ಕೈ ತೊಳೆದುಕೊಂಡು, "ಅವ್ವಾರ, ನಿಮ್ಮ ನಖರಾ ಸಾಕಾತ್ರಿ ನನಗ. ನಿಮ್ಮ ರೊಟ್ಟಿ ನೀವ ಬಡಕೋರ್ರಿ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದಳು. ನಾನು ಮಾಡಿದ್ದಾದರೂ ಏನು? ಹಂಚಿನಿಂದ ಇಳಿದ ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತು ಹುಡುಕಿದೆ, ಅಷ್ಟೇ. ನಾನು ಮದುವೆಯಾಗಿ ಬಂದ ಮರುದಿನ ನಮ್ಮ ಅತ್ತೆ ನನ್ನ ಮೊದಲ ರೊಟ್ಟಿಯನ್ನು ಹೀಗೆಯೇ ಹಿಡಿದು ನೋಡಿದ್ದರು. ಹೊಸ ಸೊಸೆಗೆ ಜನ್ಮದಲ್ಲಿ ಒಂದು ಸಲ ಮಾಡುವ ಆ ಪರೀಕ್ಷೆಯನ್ನು ನಾನು ಸಾಬವ್ವನಿಗೆ ಎರಡು ವರ್ಷ ದಿನಾಲೂ, ರೊಟ್ಟಿಗೊಂದರಂತೆ ಮಾಡಿದೆ. ಅತಿಯಾಗಿದ್ದರೆ ಅದಕ್ಕೆ ನನ್ನ ಶ್ರದ್ಧೆಯೇ ಕಾರಣ.

ಅಂದೇ ಮೊಮ್ಮಗಳು ಮಾಧುರಿ ಫೋನಿನಲ್ಲಿ ತಮ್ಮ ಕುಲಗೋತ್ರ ತೆಗೆದು ಓದಿದಳು. ತಾವು ಮೂಲತಃ ಪಾರಸಿ ಭಾಷೆಯವರಂತೆ; ಅಲ್ಲಿಂದ ಹೊರಟು ಉರ್ದು, ಹಿಂದಿ, ಮರಾಠಿ ಎಲ್ಲರ ಓಣಿ ದಾಟಿ ನಮ್ಮ ಕನ್ನಡದ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತವರಂತೆ. ಗಂಟುಮೂಟೆ ಇಲ್ಲದೆ ಅಷ್ಟು ದೂರ ಬಂದ ತಮ್ಮ ಮೊಣಕಾಲಿನ ಶಕ್ತಿಯನ್ನು ಎಷ್ಟು ಹೊಗಳಿದರೂ ಕಡಿಮೆ. ನಾನು ಕೊತ್ತಂಬರಿ ತರಲು ಹೋದರೆ ಎರಡು ಕಡೆ ಕುಳಿತು ಏಳುತ್ತೇನೆ. ಆದರೆ ತಮ್ಮ ಮೊದಲ ಅರ್ಥ ಬಿಂಕ, ವಯ್ಯಾರ ಎಂದು ಕೇಳಿದಾಗ ಮಾತ್ರ ನನಗೆ ಸಿಟ್ಟು ಬಂತು. ಎಪ್ಪತ್ತೆರಡರ ನಾನು ಯಾರ ಮುಂದೆ ವಯ್ಯಾರ ಮಾಡಲಿ ಸ್ವಾಮಿ, ಮಿಕ್ಸರಿನ ಮುಂದೆಯೇ?

ಆದ್ದರಿಂದ ತಾವು ಕೂಡಲೇ ನನ್ನ ಮೈ ಬಿಟ್ಟು, ದೌಂಡದಲ್ಲಿರುವ ನಮ್ಮ ಬೀಗತಿ ಅವ್ವಮ್ಮನವರ ಮನೆಯಲ್ಲಿ ಬಿಡಾರ ಹೂಡಬೇಕೆಂದು ಕೋರುತ್ತೇನೆ. ಅವರು ಚಹಾದ ಕೆನೆಯನ್ನು ಬೆರಳಿಂದ ಎತ್ತಿ ಕಪ್ಪಿನ ಕೆಳಗಿನ ಬಸಿಯ ಅಂಚಿಗೆ ಹಚ್ಚಿ, ಆಮೇಲೆ ಚಹಾ ಆರಿತೆಂದು ಮತ್ತೆ ಕಾಸಲು ಕಳಿಸುವವರು. ತಮಗೆ ಅಲ್ಲಿ ಒಂದು ದಿನವೂ ಬೇಸರವಾಗದು. ಹೋಗುವ ಮುನ್ನ ಸಾಬವ್ವನ ಮನೆಗೆ ಹೋಗಿ, 'ತಪ್ಪು ನನ್ನದು, ಭೀಮವ್ವನದಲ್ಲ' ಎಂದು ಒಪ್ಪಿಕೊಂಡು ಆಕೆಯನ್ನು ಕರೆತರಬೇಕು. ಇಲ್ಲಿ ಆರು ದಿನದಿಂದ ನನ್ನ ಮಗ ಶಿವಪ್ರಕಾಶ ಕಡಲೆಹಿಟ್ಟಿನ ಝುಣಕಕ್ಕೆ ಅಂಗಡಿಯ ಬ್ರೆಡ್ ಹಚ್ಚಿಕೊಂಡು ತಿನ್ನುತ್ತಿದ್ದಾನೆ. ಏನೂ ಅನ್ನುವುದಿಲ್ಲ, ಅಂದಿದ್ದರೆ ಜಗಳವಾಡಿಯಾದರೂ ಹೊಟ್ಟೆ ತುಂಬುತ್ತಿತ್ತು.

ಇಷ್ಟು ಬರೆದು ಮಾಧುರಿಗೆ ಓದಿ ಹೇಳಿದೆ. ಆಕೆ ಫೋನು ನೋಡಿ, "ಅಜ್ಜಿ, ಇನ್ನೊಂದ್ ಅರ್ಥ ಅದ. ಬೇಕಾಗಿದ್ದನ್ನ ಬ್ಯಾಡ ಅಂತ ತೋರಿಸ್ಕೊಳ್ಳೂದು" ಎಂದಳು. ಇಲ್ಲಿ ನನ್ನ ತಕರಾರು ಸ್ವಲ್ಪ ಮೆತ್ತಗಾಯಿತೆಂದು ತಮಗೆ ಹೇಳಲೇಬೇಕು.

ಎರಡು ವರ್ಷದ ಹಿಂದೆ ನನ್ನ ಬೆರಳುಗಳು ಚಾಚುವುದನ್ನು ನಿಲ್ಲಿಸಿದವು. ಐವತ್ತು ವರ್ಷ ಗುಂಡಗೆ ಬಡಿದ ಕೈಯಲ್ಲಿ ರೊಟ್ಟಿ ಹರಿದು ಚೂರಾಗತೊಡಗಿದಾಗ ಸಾಬವ್ವ ಬಂದಳು. ಆಕೆಯ ರೊಟ್ಟಿ ಹಂಚಿನ ಮೇಲೆ ಉಬ್ಬಿ ನಿಲ್ಲುವುದನ್ನು ಕಂಡು ಬಾಯಲ್ಲಿ ನೀರೂರುತ್ತಿತ್ತು, ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತಿತ್ತು. ಒಂದು ತೂತು ಸಿಕ್ಕರೆ ಸಾಕು, ಈ ಅಡುಗೆಮನೆ ಇನ್ನೂ ನನ್ನದು ಅನ್ನಿಸುತ್ತಿತ್ತೋ ಏನೋ. ಎರಡು ವರ್ಷದಲ್ಲಿ ಒಂದೂ ಸಿಗಲಿಲ್ಲ.

ಆದರೂ ಮೇಲಿನ ಕೋರಿಕೆಯನ್ನು ಹಿಂದೆಗೆದುಕೊಳ್ಳುವ ಮನಸ್ಸು ನನಗಿರಲಿಲ್ಲ. ಮಾಧುರಿಯೇ, "ಶಬ್ದಕ್ಕ ಕಾಲಿಲ್ಲಜ್ಜಿ. ನಿನಗ ಅದಾವ, ನೀನ ಹೋಗು" ಎಂದು ನನ್ನ ಚಪ್ಪಲಿ ತಂದು ಮುಂದಿಟ್ಟಳು. ಆದ್ದರಿಂದ ತಮಗೆ ಶ್ರಮ ಕೊಡದೆ ನಾನೇ ಹೊರಟಿದ್ದೇನೆ.

ಇಷ್ಟು ವರ್ಷ ಬಾಡಿಗೆಯಿಲ್ಲದೆ ತಮಗೆ ಮೈಯಲ್ಲಿ ಜಾಗ ಕೊಟ್ಟ,
ತಮ್ಮ ವಿಶ್ವಾಸಿ,
ಭೀಮವ್ವ

ತಾ. ಕ.: ಹೋಗಿ ಬಂದೆ. ಸಾಬವ್ವ ಕೊಟ್ಟ ಚಹಾದಲ್ಲಿ ಸಕ್ಕರೆ ಹೆಚ್ಚಾಗಿತ್ತು, ಚಕಾರವೆತ್ತದೆ ಕುಡಿದೆ. "ನಿನ್ನ ರೊಟ್ಟಿ ನನ್ನ ರೊಟ್ಟಿಕಿಂತ ಛಲೋ ಆಗ್ತಾವ, ಬಾರವ್ವಾ" ಎಂದು ಅವಳ ಹೊಸ್ತಿಲಲ್ಲೇ ಒಪ್ಪಿಕೊಂಡೆ. "ನಾಳೆ ಬರ್ತೀನ್ರಿ. ಆದ್ರ ಇನ್ನ ಮ್ಯಾಲ ರೊಟ್ಟಿ ಬೆಳಕಿಗೆ ಹಿಡಿಯೂದಿಲ್ಲ ಅಂತ ಮಾತು ಕೊಡ್ರಿ" ಎಂದಳು. ಕೊಟ್ಟಿದ್ದೇನೆ. ಮಗುಚಿ ಹಾಕಿ ಹಿಂಬದಿ ನೋಡುವುದರ ಬಗ್ಗೆ ಆಕೆ ಏನೂ ಕೇಳಲಿಲ್ಲ, ನಾನೂ ನೆನಪಿಸಲಿಲ್ಲ. ತಾವು ದೌಂಡಕ್ಕೆ ಹೋಗುವ ಅವಸರವೇನೂ ಇಲ್ಲ.