ಲಾರಿಯ ಕೊರಳ ಹಗ್ಗ

ಆ ಲಾರಿಯ ಸುದ್ದಿ ಮೊದಲು ಕಿವಿಗೆ ಬಿದ್ದ ದಿನ ನಾನು ಹಿಟ್ಟು ನಾದುತ್ತಿದ್ದೆ. ಗಡಿಯ ಠಾಣೆ ಮುಚ್ಚಿ ರಷ್ಯದ ಸಿಪಾಯಿಗಳು ಗಂಟುಮೂಟೆ ಕಟ್ಟಿದ ವರ್ಷ ಅದು. ಪಕ್ಕದ ಮನೆಯವಳು ಬೇಲಿಯಾಚೆಯಿಂದ ಕೂಗಿದಳು: "ಜೂರಾಕಾನ್, ನಿನ್ನ ಗಂಡ ಕುದುರೆ ಕೊಟ್ಟು ಕಬ್ಬಿಣ ತರ್ತಿದಾನಂತೆ ಕಣೇ."

ಕುದುರೆ ಎಂದರೆ ನನ್ನ ತವರಿನ ಕೆಂಚು ಹೆಣ್ಣು ಕುದುರೆ; ನಮ್ಮ ಬೆಟ್ಟಗಳಲ್ಲಿ ಕುದುರೆಯ ಹಾಲನ್ನೇ ಕುಡಿಯುತ್ತೇವೆ. ಬೆಳಿಗ್ಗೆ ಅದನ್ನೇರಿ ಹೋದ ನಮ್ಮ ಯಜಮಾನರು ದೋತಾಲಿ, ಸಂಜೆ ಮನೆಗಿಂತ ಎತ್ತರದ ಹಸಿರು ಮಿಲಿಟರಿ ಲಾರಿಯಿಂದ ದಂಡನಾಯಕರಂತೆ ಇಳಿದರು. ಕೈಯಲ್ಲಿ ಕುದುರೆಯ ಕೊರಳ ಹಗ್ಗ ಮಾತ್ರ ಇತ್ತು.

"ಕುದುರೆ ಎಲ್ರೀ?"

"ಇದರೊಳಗೆ ನೂರಾ ಹದಿನೈದು ಕುದುರೆಗಳ ಬಲ ಇದೆ ಕಣೇ."

"ಹಾಗಾದ್ರೆ ಒಂದನ್ನ ಹಿಡ್ಕೊಂಡು ಹಾಲು ಕರೀರಿ, ನೋಡೋಣ."

ಅವರು ಹಗ್ಗವನ್ನು ಗೋಡೆಯ ಮೊಳೆಗೆ ನೇತುಹಾಕಿದರು. ನಮ್ಮಲ್ಲಿ ಪ್ರಾಣಿಯನ್ನು ಕೊಡುತ್ತೇವೆ, ಕೊರಳ ಹಗ್ಗವನ್ನು ಕೊಡುವುದಿಲ್ಲ. ಹಗ್ಗ ಹೋದರೆ ಮನೆಯ ಭಾಗ್ಯವೂ ಅದರ ಹಿಂದೆಯೇ ಹೋಗುತ್ತದೆ.

ಹಿಟ್ಟಿನ ಕೈ ಎತ್ತಿ ನಾನು ಸಾರಿದೆ: "ಒಂದು ತಿಂಗಳೊಳಗೆ ಇದನ್ನ ಮಾರಿಸಿ, ಹಾಲು ಕೊಡೋ ಕುದುರೇನ ಇದೇ ಗೂಟಕ್ಕೆ ಕಟ್ಟದಿದ್ರೆ ನಾನು ನಮ್ಮಪ್ಪನ ಮಗಳೇ ಅಲ್ಲ."

ಹನ್ನೊಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರಿಂದ ನಾನು ಯಾರ ಮಗಳೆಂದು ಯಾರೂ ಕೇಳಲಿಲ್ಲ.

ಆ ಲಾರಿ ಕುಡಿತದಲ್ಲಿ ನನ್ನ ಮೈದುನನನ್ನೂ ಮೀರಿಸಿತ್ತು. ಅಂಗಳದ ಬಿಸಿಲನ್ನೆಲ್ಲ ನುಂಗಿ ನನ್ನ ಬಟ್ಟೆಗಳನ್ನು ಹಸಿಯಾಗಿಯೇ ಇಟ್ಟಿತ್ತು. ಎರಡನೆಯ ಚಳಿಗಾಲಕ್ಕೆ ಬ್ಯಾಟರಿ ಸತ್ತಿತು. ಆಮೇಲೆ ಎಂಜಿನ್ ಎಬ್ಬಿಸಲು ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಬೇಕು, ಇಲ್ಲವೇ ಮನೆ ಮುಂದಿನ ಇಳಿಜಾರಿನಲ್ಲಿ ಉರುಳಿಬಿಡಬೇಕು. ನಮ್ಮವರಿಗೆ ಸೊಂಟ ನೋವು. ಉರುಳಿಬಿಡುವುದೇ ವಾಡಿಕೆಯಾಯಿತು.

ಕೊನೆಗೂ ಕೆಳಗಿನ ಕಣಿವೆಯಿಂದ ಎಸೆನ್‌ಗುಲ್ ಎಂಬಾತ ಬಂದ. ಅವನಿಗೆ ಹುಲ್ಲು ಹೇರಲು ಲಾರಿ ಬೇಕಿತ್ತು. ಬದಲಿಗೆ ತಂದದ್ದು ಮರಿಯ ಸಮೇತ ಒಂದು ಕುದುರೆ, ಕೆಚ್ಚಲು ತುಂಬಿದ್ದು! ರೊಟ್ಟಿ ಮುರಿದು, ಚಹಾ ಕುಡಿದು, ಗಂಡಸರು ಕೈ ಕುಲುಕಿದರು. ಎಸೆನ್‌ಗುಲ್ ಕುದುರೆಯ ಕೊರಳ ಹಗ್ಗ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಕುದುರೆ ನಿಮ್ದು ಅತ್ತಿಗೆ, ಹಗ್ಗ ನಂದು."

ನನಗೆ ದಿಗಿಲಾಯಿತು. "ಏನ್ರೀ, ನಮ್ಮದರ ಹಗ್ಗ?"

"ಲಾರಿಗೆ ಯಾವ ಹಗ್ಗವೇ?" ಎಂದು ನಮ್ಮವರು ನಕ್ಕರು.

ಭಾಗ್ಯವನ್ನು ಪುಕ್ಕಟೆ ಕಳಿಸುವಷ್ಟು ಪೆದ್ದಿ ನಾನಲ್ಲ. ಗಂಡಸರು ಮೂರನೆಯ ಬಟ್ಟಲು ಚಹಾ ಕುಡಿಯುವಾಗ, ಲಾರಿಯ ಸೀಟಿನಡಿಯಿಂದ ಹ್ಯಾಂಡಲ್ ತೆಗೆದು ಕೌದಿಗಳ ಅಟ್ಟಿಯ ತಳಕ್ಕೆ ತುರುಕಿದೆ. ಎಸೆನ್‌ಗುಲ್ ಇಳಿಜಾರಿನಲ್ಲಿ ಲಾರಿ ಉರುಳಿಸಿದ, ಅದು ಗುಡುಗಿತು, ಹೊರಟೇ ಹೋಯಿತು. ಪ್ರಪಂಚದ ಎಲ್ಲ ಮನೆಗಳ ಮುಂದೆಯೂ ಇಳಿಜಾರು ಇರುತ್ತದೆಂದು ನಾನು ನಂಬಿದ್ದೆ.

ಕುದುರೆಯನ್ನು ಮೊಳೆಯ ಮೇಲಿದ್ದ ಹಳೆಯ ಹಗ್ಗದಿಂದಲೇ ಗೂಟಕ್ಕೆ ಕಟ್ಟಿದೆ. ಹನ್ನೊಂದು ವರ್ಷ ಇಲಿಗಳೂ ಅದನ್ನು ಭಾಗ್ಯವೆಂದೇ ತಿಂದಿದ್ದವೆಂದು ಕಾಣುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಗೂಟದಲ್ಲಿ ಒಂದು ಗೇಣು ಹಗ್ಗ. ಕುದುರೆ ಇಲ್ಲ, ಮರಿಯೂ ಇಲ್ಲ.

ನಾನು ಖಾಲಿ ಬಕೀಟಿನ ಪಕ್ಕ ಕುಳಿತುಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ದಾರಿಯಲ್ಲಿ ಅದೇ ಕುದುರೆ, ಹಿಂದೆ ಮರಿ. ಜೀವ ಬಂತು. ಮೇಲೆ ಕುಳಿತವನನ್ನು ನೋಡಿದಾಗ ಬಂದ ಜೀವ ಮತ್ತೆ ಹೋಯಿತು. ಎದೆಯವರೆಗೆ ನೆಂದ ಎಸೆನ್‌ಗುಲ್.

"ಅತ್ತಿಗೆ, ಲಾರಿ ನಿನ್ನೆಯಿಂದ ನದಿ ನಡುವೆ ನಿಂತಿದೆ. ಹ್ಯಾಂಡಲ್ ಹೊಡೆಯೋಣ ಅಂದ್ರೆ ಹ್ಯಾಂಡಲ್ಲೇ ಇಲ್ಲ. ಬೆಳಗಾದ ಮೇಲೆ ನೀರಿಗಿಳಿದು ನಡ್ಕೊಂಡು ಬರ್ತಿದ್ರೆ ದಾರೀಲಿ ನನ್ನ ಕುದುರೆ ನನಗೇ ಎದುರಾಯ್ತು. ನಾನು ಸತ್ತೇಹೋದೆ, ನನ್ನ ಕರ್ಕೊಂಡು ಹೋಗೋಕೆ ಬಂದಿದೆ ಅಂದ್ಕೊಂಡೆ."

"ಹ್ಯಾಂಡಲ್ಲು ನನ್ನ ಹತ್ರ ಇದೆ ಕಣಪ್ಪ" ಎಂದೆ, ನೆಲ ನೋಡುತ್ತ.

"ಹಂಗಾದ್ರೆ ವ್ಯಾಪಾರ ಮುರೀತು. ಕುದುರೆ ನನಗೆ, ಲಾರಿ ನಿಮಗೆ."

ಹನ್ನೊಂದು ವರ್ಷದ ಲಾರಿ ಮತ್ತೆ ನನ್ನ ಅಂಗಳದ ಮೇಲೆ ಎರಗಿದಂತಾಯಿತು. ಸಹಾಯಕ್ಕೆಂದು ಯಜಮಾನರತ್ತ ನೋಡಿದೆ. ಅವರು ಆಕಾಶ ನೋಡುತ್ತ ಮೀಸೆ ಸವರುತ್ತಿದ್ದರು. "ಹೆಂಗಸರ ಕೈಗೆ ಹ್ಯಾಂಡಲ್ ಸಿಕ್ರೆ ಹೀಗೇ" ಎಂದರು. ಆಮೇಲೆ ಮತ್ತೆ ಆಕಾಶ.

ನಾನು ಹ್ಯಾಂಡಲ್ ತಂದು ಎಸೆನ್‌ಗುಲ್ ಮುಂದಿಟ್ಟೆ. "ಇದನ್ನ ತಗೋ, ನಿನ್ನ ಹಗ್ಗ ಕೊಡು. ವ್ಯಾಪಾರ ಮಾತ್ರ ಮುರೀಬೇಡ."

"ಹಗ್ಗ ಕೊಟ್ರೆ ಭಾಗ್ಯ ಹೋಗಲ್ವಾ ಅತ್ತಿಗೆ?"

"ನದಿ ನಡುವೆ ಲಾರಿ ನಿಲ್ಲಿಸಿ ಬಂದೋನಿಗೆ ಇನ್ಯಾವ ಭಾಗ್ಯ ಉಳಿದಿದೆಯೋ?"

ಅವನ ಮುಖ ಸಡಿಲವಾಯಿತು. ನಕ್ಕ. ಕುದುರೆಯ ಕೊರಳ ಕೂದಲಿಂದ ಒಂದು ಎಳೆ ಕಿತ್ತು ಟೊಪ್ಪಿಗೆಯಲ್ಲಿಟ್ಟುಕೊಂಡು, "ಇಷ್ಟು ಭಾಗ್ಯ ನನಗೆ ಸಾಕು" ಎಂದು ಹಗ್ಗ ಕೊಟ್ಟ. ಎತ್ತು ಕಟ್ಟಿ ಲಾರಿಯನ್ನು ದಡಕ್ಕೆ ಎಳೆದರು. ಮರುದಿನ ಅರ್ಧ ದಿನ ಹ್ಯಾಂಡಲ್ ಹೊಡೆದ ಮೇಲೆ ಅದು ಕೆಮ್ಮಿ, ಉಗುಳಿ, ಎದ್ದಿತು. ಆ ಸದ್ದು ಕಣಿವೆಯಲ್ಲಿ ದೂರವಾಗುವವರೆಗೂ ಕಿವಿಗೊಟ್ಟು ನಿಂತಿದ್ದೆ. ನನ್ನ ಬಟ್ಟೆಗಳು ಅವತ್ತು ಮಧ್ಯಾಹ್ನಕ್ಕೇ ಒಣಗಿದವು.

ಹೆಸರು ಮಾತ್ರ ಹೋಯಿತು. ಎರಡೂ ಕಣಿವೆಗಳಲ್ಲಿ ನಾನು ಲಾರಿ ಮುಳುಗಿಸಿದ ಹ್ಯಾಂಡಲ್ ಜೂರಾಕಾನ್. ಮದುವೆಗೆ ಹೋದರೆ, "ಅಜ್ಜಿ ಬಂದ್ರು, ಹಿಡಿ ಇರೋ ಸೌಟೆಲ್ಲ ಎತ್ತಿಡ್ರೋ" ಎನ್ನುವರು. ಹದಿನಾಲ್ಕು ವರ್ಷ ಯಜಮಾನರು ನನ್ನ ಪಕ್ಕದಲ್ಲೇ ಕುಳಿತು ಎಲ್ಲರಿಗಿಂತ ಜೋರಾಗಿ ನಕ್ಕರು.

ಅವರು ಹಾಸಿಗೆ ಹಿಡಿದು, ಇನ್ನೇನು ಎನ್ನುವ ದಿನ, ಮಕ್ಕಳನ್ನೆಲ್ಲ ಆಚೆ ಕಳಿಸಿ ನನ್ನನ್ನು ಹತ್ತಿರ ಕರೆದರು. ಸಾಯುವವರು ತಪ್ಪಿದ್ದರೆ ಕ್ಷಮಿಸು ಎಂದು ಕೇಳುವುದು ನಮ್ಮ ರೂಢಿ. ನಾನು ಕಣ್ಣೊರೆಸಿಕೊಂಡು ಸಿದ್ಧಳಾದೆ.

"ದಿಂಬಿನ ಹೊಲಿಗೆ ಬಿಚ್ಚು" ಎಂದರು.

ಬಿಚ್ಚಿದೆ. ಉಣ್ಣೆಯ ನಡುವೆ ಅಂಗೈಯಗಲದ ಹಸಿರು ಕಬ್ಬಿಣದ ಮುಚ್ಚಳ. ತಮಗೆ ಗಟ್ಟಿ ದಿಂಬೇ ಬೇಕೆಂದು ಇವರು ಹಟ ಹಿಡಿಯುತ್ತಿದ್ದುದು ಇದಕ್ಕೇ!

"ಪೆಟ್ರೋಲ್ ಟ್ಯಾಂಕಿಂದು" ಎಂದರು. "ನೀನು ಹಗ್ಗ ಅನ್ನೋಕೆ ಮೊದಲೇ ಲಾರಿಯ ಭಾಗ್ಯ ಅಂತ ನಾನು ತೆಗ್ದಿಟ್ಟಿದ್ದೆ. ಟ್ಯಾಂಕಿನ ಬಾಯಿಗೆ ಕಂಬಳಿ ಚೂರು ತುರುಕಿದ್ದೆ. ಅದು ಮೊದಲಿಂದಲೂ ಹಂಗೇ ಅಂದ್ಕೊಂಡ ಅವನು."

"ಅಂದ್ರೆ ನದಿ ನೀರು..."

"ಹೂಂ. ಟ್ಯಾಂಕಿಗೆ ನೀರು ಹೋಗೇ ಲಾರಿ ನಿಂತದ್ದು. ದಡಕ್ಕೆ ಎಳೆದ ರಾತ್ರಿ ನಾನೇ ಕದ್ದು ಬಸಿದೆ."

ನಾನು ಅಳಬೇಕಿತ್ತು. ಹದಿನಾಲ್ಕು ವರ್ಷ ಬೆನ್ನ ಮೇಲಿದ್ದ ಕಲ್ಲಿನ ಮೂಟೆ ದೊಪ್ಪನೆ ಕೆಳಗೆ ಬಿದ್ದಂತಾಗಿ ನಗು ಬಂದುಬಿಟ್ಟಿತು. ಲಾರಿ ನಿಲ್ಲಿಸಿದವಳು ನಾನಲ್ಲ! ಮುಚ್ಚಳವನ್ನು ಎದೆಗೊತ್ತಿಕೊಂಡು ನಕ್ಕೆ. ಅವರೂ ಆದಷ್ಟು ನಕ್ಕರು. ಆಮೇಲೆ ನನ್ನ ಕೈ ಹಿಡಿದು ಕೊನೆಯದಾಗಿ ಒಂದು ಮಾತು ಕೇಳಿಕೊಂಡರು:

"ಇದನ್ನ ಎಸೆನ್‌ಗುಲ್‌ಗೆ ಕೊಟ್ಬಿಡು. ಯಾರು ತೆಗೆದದ್ದು ಅಂತ ಕೇಳಿದ್ರೆ, ನೀನೇ ಅನ್ನು. ಹೇಗೂ ನಿನ್ನ ಹೆಸರು ಕೆಟ್ಟಿದೆಯಲ್ಲ."