ಅವ್ವನ ಕೌದಿಯ ಅಚ್ಚು

ಎಲ್ಲ ಗದ್ದಲಕ್ಕೂ ಕಾರಣ ಬೇಗಂ ಬಜಾರಿನಿಂದ ತಂದ ಒಂದು ಪೊಟ್ಟಣ ಜೆಲಾಟಿನ್, ಅಂದರೆ ಪ್ರಾಣಿಗಳ ಎಲುಬಿನಿಂದ ತೆಗೆಯುವ ಅಂಟಿನ ಪುಡಿ. ಬಿಸಿನೀರಲ್ಲಿ ಕಲಸಿ, ತಾಟಿಗೆ ಸುರಿದು ಫ್ರಿಜ್ಜಿನಲ್ಲಿಟ್ಟರೆ ಅದು ಗಟ್ಟಿಯಾಗುತ್ತದೆ. ಮೇಲೆ ಬಣ್ಣ ಬಳಿದು, ಬಟ್ಟೆ ಒತ್ತಿ ತೆಗೆದು, ಕಾಗದ ಹಾಕಿದರೆ ಬಟ್ಟೆಯ ಒಂದೊಂದು ಎಳೆಯೂ ಕಾಗದಕ್ಕೆ ಇಳಿಯುತ್ತದೆ. ಮೊಬೈಲಿನಲ್ಲಿ ಇದನ್ನು ನೋಡಿ ಶಿವಶರಣಪ್ಪನಿಗೆ ಹುಚ್ಚು ಹಿಡಿದಿತ್ತು.

ಅವತ್ತು ಸಂಜೆ ಕಾಚಿಗುಡಾದ ಕನ್ನಡ ಕುಟುಂಬಗಳ ಕೂಟ. ಮನೆಯ ಹಳೇ ಸಾಮಾನಿನಿಂದ ಏನಾದರೂ ಮಾಡಿ ತರಬೇಕು, ಬಹುಮಾನವೂ ಉಂಟು. ಬಹುಮಾನ ಯಾರಿಗೆ ಬೇಕಿತ್ತು? ತೀರಿಹೋದ ಅವ್ವ ಹಳೇ ಬಟ್ಟೆಯ ತುಂಡು ಸೇರಿಸಿ ಹೊಲಿದ ಕೌದಿ ಚಿಂದಿಯಾಗುವ ಮೊದಲು ಅವಳ ಹೊಲಿಗೆ ಕಾಗದದ ಮೇಲಾದರೂ ಉಳಿಯಲಿ ಎಂಬುದು ಅವನ ಆಸೆ.

ಟ್ರಂಕಿನಲ್ಲಿ ಎರಡು ಕೌದಿ ಇದ್ದವು. ಒಂದು ಅವ್ವನದು, ಇನ್ನೊಂದು ಅತ್ತೆಯದು.

"ತಡೀರಿ, ಕೈಯಾಗ ಹಿಟ್ಟೈತಿ. ಬಂದು ನೋಡಿ ಯಾವದು ಯಾರ್ದಂತ ಹೇಳ್ತೀನಿ," ಅಡುಗೆಮನೆಯಿಂದ ಹೆಂಡತಿ ಸಾವಿತ್ರಿಬಾಯಿ ಕೂಗಿದಳು.

"ನಮ್ಮವ್ವನ ಹೊಲಿಗಿ ನನಗ ಗುರುತು ಸಿಗಂಗಿಲ್ಲೇನ? ಇರುವಿ ಸಾಲಿನಂಗ ಇರ್ತಿತ್ತು! ಈ ಹರಕು ನಿಮ್ಮವ್ವಂದು. ಬಣ್ಣ ಒರಸಾಕ ಆತು!"

ಸಾವಿತ್ರಿಬಾಯಿ ಮುಖ ಊದಿಸಿಕೊಂಡು ಒಳಗೇ ಉಳಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಶ್ರೀನಿವಾಸ ಐಸು ಕೇಳಲು ಬಂದವನು ಫ್ರಿಜ್ ತೆಗೆದು, ತಾಟಿನ ಮೂಲೆ ಮುರಿದು ಬಾಯಿಗೆ ಹಾಕಿಕೊಂಡ.

"ಏನ್ರೀ, ವೈನಿ ಬರ್ಫಿಗೆ ಸಕ್ರೀನ ಹಾಕಿಲ್ಲಲ್ಲ?"

"ಅಯ್ಯ, ಅದು ಎಲುಬಿನ..." ಎಂದ ಶಿವಶರಣಪ್ಪನಿಗೆ ಅವತ್ತು ಏಕಾದಶಿ ಎಂಬುದು ನೆನಪಾಯಿತು. "...ಎಲುಬಿಗೆ ಭಾಳ ಛಲೋ!"

"ಹೌದಾ? ಮಣಕಾಲು ನೋಯಾಕತ್ತೈತಿ. ಇನ್ನೊಂದು ತುಂಡು ಕೊಡ್ರಿ."

ಉಳಿದದ್ದನ್ನು ಕರಗಿಸಿ ಮತ್ತೆ ಸುರಿದದ್ದಾಯಿತು. ಕರೆಂಟು ಹೋಗಿ ತಾಟಿನಲ್ಲಿದ್ದದ್ದು ಮೆತ್ತಗಾಗಿ ಮುದುಕನ ಗದ್ದದಂತೆ ನಡುಗಿತು. ಲಟ್ಟಣಿಗೆಗೆ ನೀಲಿ ಬಣ್ಣ ಹತ್ತಿತು. ಏಳು ಅಚ್ಚು ಕೆಟ್ಟವು. ಪ್ರತಿ ಸಲವೂ ಶಿವಶರಣಪ್ಪ ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ಸೇರಿಸಿ ಆ ಹರಕಿನಿಂದ ತಿಕ್ಕಿ ತಿಕ್ಕಿ ಒರೆಸಿದ.

ಎಂಟನೆಯದು ಬಂತು. ಸಾಲು ಸಾಲು ಹೊಲಿಗೆ! ಕಟ್ಟೆಯ ಮೇಲೆ ಕಾಲು ಚಾಚಿ ಕೂತ ಅವ್ವ, ಹಲ್ಲಿನಲ್ಲಿ ದಾರ ಕಡಿಯುತ್ತ, ಅವನ ಹರಿದ ಶಾಲೆಯ ಖಾಕಿ ಚಡ್ಡಿಯ ತುಂಡನ್ನು ಮೂಲೆಗೆ ಹಚ್ಚುತ್ತ ಅಂದದ್ದು ಕೇಳಿಸಿದಂತಾಯಿತು: "ನಿನ್ನ ಸಾಲಿ ಚಡ್ಡಿ ಎಲ್ಲೂ ಹೋಗಿಲ್ಲೋ, ಇಲ್ಲೇ ಐತಿ." ಅವನ ಕಣ್ಣು ತುಂಬಿತು.

ಕೂಟದಲ್ಲಿ ಅಚ್ಚಿಗೆ ಮೊದಲ ಬಹುಮಾನ ಬಂತು. ಶಿವಶರಣಪ್ಪ ಖಾಕಿ ಚಡ್ಡಿಯ ಕತೆ ಹೇಳಿದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕೌದಿ ತಂದೀರಲ್ಲ, ಆ ತುಂಡು ತೋರಸ್ರಿ," ಎಂದ ಶ್ರೀನಿವಾಸ.

ಶಿವಶರಣಪ್ಪ ನಾಲ್ಕೂ ಮೂಲೆ ತಿರುವಿದ. ಖಾಕಿ ಇಲ್ಲ. ಮತ್ತೆ ತಿರುವಿದ. ಇಲ್ಲ.

ಸಾವಿತ್ರಿಬಾಯಿ ಎದ್ದು ಬಂದು, ಕೂಟದಲ್ಲಿ ತೋರಿಸಲೆಂದು ತಂದಿದ್ದ ಅಚ್ಚಿನ ತಾಟಿಗೆ ಸುತ್ತಿದ್ದ ಒರೆಸುವ ಹರಕನ್ನು ಬಿಚ್ಚಿ ಮೇಜಿನ ಮೇಲೆ ಹರಡಿದಳು. ಒಂದು ಮೂಲೆಯಲ್ಲಿ, ಒದ್ದೆ ನೀಲಿ ಬಣ್ಣದ ಕೆಳಗೆ, ಅಂಗೈಯಷ್ಟು ಖಾಕಿ.

"ಹೇಳ್ತೀನಿ ತಡೀರಿ ಅಂದ್ನಿಲ್ಲ?" ಅಂದಳು ಮೆತ್ತಗೆ.

ಶಿವಶರಣಪ್ಪ ಆ ಮೂಲೆಯನ್ನು ತನ್ನ ಬಿಳಿ ಅಂಗಿಯ ತುದಿಯಿಂದ ಒರೆಸತೊಡಗಿದ. ಬಣ್ಣ ಅಂಗಿಗೆ ಹತ್ತಿತೇ ಹೊರತು ಖಾಕಿಯನ್ನು ಬಿಡಲಿಲ್ಲ.

ಅಷ್ಟರಲ್ಲಿ ಯಾರೋ ಊರಲ್ಲಿದ್ದ ಅವನ ಅತ್ತೆಗೆ ಬಹುಮಾನದ ಸುದ್ದಿ ಮುಟ್ಟಿಸಿದ್ದರು. ಸಾವಿತ್ರಿಬಾಯಿಯ ಫೋನಿನಲ್ಲಿ ಅತ್ತೆಯ ದನಿ ಸಭೆಗೆಲ್ಲ ಕೇಳುವಂತೆ ಮೊಳಗಿತು:

"ನನ್ನ ಕೌದಿಗೆ ಬಹುಮಾನ ತಂದ್ರಂತ ಅಳಿಯಂದ್ರ! ಇನ್ನೊಂದು ಹೊಲದು ಕಳಸ್ತೀನ್ರಿ. ನಿಮ್ಮವು ಹಳೇ ಚಡ್ಡಿ ಇದ್ರ ಕೊಟ್ಟು ಕಳಸ್ರಿ!"